ಕೆಳಸಾಲಿನ ನಾಲ್ಕು ಹಲ್ಲು

ಮೊದಲು ರಕ್ತ ಕಂಡದ್ದು ಬ್ರಷ್‌ನಲ್ಲೋ ದಿಂಬಿನ ಮೇಲೋ ಎಂದು ಈಗ ಖಚಿತವಾಗಿ ಹೇಳಲಾರೆ. ನನ್ನ ನೆನಪಿನಲ್ಲಿ ಅದು ಬ್ರಷ್. ಹೆಂಡತಿಯ ನೆನಪಿನಲ್ಲಿ ದಿಂಬು. ದಿಂಬಿನ ಚೀಲ ಒಗೆದವಳು ಅವಳಾದ್ದರಿಂದ ಅವಳ ಮಾತಿಗೆ ತೂಕ ಹೆಚ್ಚು. ಇಬ್ಬರೂ ಒಪ್ಪುವುದು ಇಷ್ಟನ್ನು: ಅದು ಮಾವು ಹೂ ಬಿಡುವ ಕಾಲ, ನಾನು ಪಥ್ಯದಲ್ಲಿದ್ದೆ, ಕೆಳಸಾಲಿನ ಮುಂದಿನ ನಾಲ್ಕು ಹಲ್ಲುಗಳು ನಾಲಗೆ ತಾಗಿದರೆ ಅಲ್ಲಾಡುತ್ತಿದ್ದವು.

ಪಥ್ಯಕ್ಕೆ ಕಾರಣ ಕಾಲಿನ ತುರಿ. ಪುತ್ತೂರಿನ ಚರ್ಮದ ಡಾಕ್ಟರು ಕೊಟ್ಟ ಮುಲಾಮು ಹಚ್ಚಿದಷ್ಟು ದಿನ ಕಡಿಮೆ, ಬಿಟ್ಟರೆ ಮತ್ತೆ ಹಾಜರು. ನಮ್ಮ ಬೀದಿಯ ಕೊನೆಯಲ್ಲಿ ಚಪ್ಪಲಿ ಅಂಗಡಿ ಇಟ್ಟಿರುವ ಬ್ಯಾರಿ ಗೆಳೆಯರೊಬ್ಬರಿಗೂ ಅದೇ ಕಾಯಿಲೆ ಇತ್ತು. ಕೇರಳದ ಗಡಿಯ ಮಂಡೆಕೋಲಿನಲ್ಲಿ ಒಬ್ಬ ನಾಟಿ ವೈದ್ಯರಿದ್ದಾರೆ, ಎಣ್ಣೆ ಮತ್ತು ಕಷಾಯ ಕೊಡುತ್ತಾರೆ, ಒಟ್ಟಿಗೆ ಹೋಗೋಣ ಎಂದು ಅವರು ಕರೆದರು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು ನಾನು. ಅಂಥದ್ದನ್ನೆಲ್ಲ ನಂಬುವುದಿಲ್ಲ ಎಂದೆ.

"ನಂಬುದು ಬೇಡ ಮಾಸ್ಟ್ರೆ, ಹಚ್ಚಿ ಸಾಕು. ನೀವು ನಂಬ್ತೀರಾ ಇಲ್ವಾ ಅಂತ ಎಣ್ಣೆಗೆ ಎಂತ ಗೊತ್ತುಂಟು?"

ಆ ವಾದ ನನಗೆ ಹಿಡಿಸಿತು. ಹೆಂಡತಿಯೂ ಸೇರಿ ಮೂವರು ಹೋದೆವು. ವೈದ್ಯರು ಅರ್ಧ ಕನ್ನಡ, ಅರ್ಧ ಮಲಯಾಳದಲ್ಲಿ ಏನೇನು ತಿನ್ನಬಾರದೆಂದು ಹೇಳಿದರು: ಹುಳಿ, ಹಣ್ಣು, ಬದನೆ, ಗೆಡ್ಡೆ, ತುರಿಯನ್ನು ಕೆರಳಿಸುವ ನಂಜಿನ ಪದಾರ್ಥಗಳು. ಒಂದು ಮಂಡಲ, ಅಂದರೆ ನಲವತ್ತೆಂಟು ದಿನ ನಡೆಸಬೇಕು ಎಂದರು. ನನ್ನ ನೆನಪು ಇಷ್ಟೇ.

ಮನೆಗೆ ಬರುವಾಗಲೇ ನಾನು ಅದನ್ನು ಪ್ರಯೋಗವೆಂದು ತೀರ್ಮಾನಿಸಿದ್ದೆ. ಗುಣವಾಗದಿದ್ದರೆ, ಪಥ್ಯ ಮುರಿದದ್ದಕ್ಕೆ ಹೀಗಾಯಿತು ಎಂದು ಯಾರೂ ಹೇಳುವಂತಿರಬಾರದು. ಹಾಗಾಗಿ ಸಂಶಯ ಬಂದದ್ದನ್ನೆಲ್ಲ ಬಿಟ್ಟೆ. ಟೊಮೆಟೊ ಹುಳಿ, ಬಟಾಟೆ ಗೆಡ್ಡೆ, ಸೊಪ್ಪು ನಂಜಿರಬಹುದು. ಉಳಿದದ್ದು ಕುಚ್ಚಲಕ್ಕಿ ಗಂಜಿ, ಬೇಯಿಸಿದ ಹೆಸರುಕಾಳು, ತುಪ್ಪ, ಉಪ್ಪು, ಕಾಫಿ.

"ಇದು ಪಥ್ಯವಾ, ಹಠವಾ?" ಎಂದು ಹೆಂಡತಿ ಕೇಳುತ್ತಿದ್ದಳು.

ಮಂಡಲ ಮುಗಿಯಿತು. ತುರಿ ಬಹಳ ಕಡಿಮೆಯಾಗಿತ್ತು, ಆದರೆ ಎಡಗಾಲಿನಲ್ಲಿ ಒಂದು ಕಲೆ ಉಳಿದಿತ್ತು. ಅದೂ ಹೋಗಲಿ ಎಂದು ಮುಂದುವರಿಸಿದೆ. ಗುಣಪಡಿಸಿದ್ದು ಎಣ್ಣೆಯೋ ಪಥ್ಯವೋ, ಅಥವಾ ಮಳೆ ಬಿಟ್ಟು ಕಾಲು ಒಣಗಿದ್ದೋ, ಆಗಲೂ ಗೊತ್ತಿರಲಿಲ್ಲ, ಈಗಲೂ ಇಲ್ಲ. ಈ ನಡುವೆ ಕಡಬದ ಕಡೆಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುವಷ್ಟಕ್ಕೆ ಸುಸ್ತಾಗುತ್ತಿತ್ತು. ತೊಡೆಯ ಮೇಲೆ ಎಲ್ಲಿಯೂ ತಾಗಿದ ನೆನಪಿಲ್ಲದ ನೀಲಿ ಕಲೆಗಳು. ಬಸ್ಸಿನ ಸೀಟು ತಾಗಿರಬೇಕು ಎಂದುಕೊಂಡೆ. ಆಮೇಲೆ ಒಸಡಿನ ರಕ್ತ. ರಕ್ತ ಬರುತ್ತದೆಂದು ಮುಂದಿನ ಹಲ್ಲುಗಳಿಗೆ ಬ್ರಷ್ ತಾಗಿಸುವುದನ್ನೇ ಬಿಟ್ಟೆ.

ಪುತ್ತೂರಿನ ದಂತವೈದ್ಯೆ ಮೊದಲ ದಿನ ನೋಡಿ ಗದರಿದರು. "ಎಲ್ಲರೂ ಹೀಗೇ ಸರ್. ರಕ್ತ ಬರ್ತದೆ ಅಂತ ಉಜ್ಜುದು ಬಿಡುದು, ಉಜ್ಜದ್ದಕ್ಕೆ ಮತ್ತೂ ರಕ್ತ ಬರುದು." ಹಲ್ಲಿನ ಬುಡದ ಕೊಳೆ ತೆಗೆದು ಕಳಿಸಿದರು. ಸಾಮಾನ್ಯವಾಗಿ ಅಷ್ಟಕ್ಕೇ ಒಸಡು ಸುಧಾರಿಸಬೇಕಂತೆ. ನನ್ನದು ಸುಧಾರಿಸಲಿಲ್ಲ. ಎರಡನೆಯ ಸಲ ಹೋದಾಗ ಹಲ್ಲುಗಳ ನಡುವಿನ ಒಸಡು ನೇರಳೆ ಬಣ್ಣಕ್ಕೆ ತಿರುಗಿ ಗುಳ್ಳೆಯ ಹಾಗೆ ಊದಿತ್ತು. ಹೀಗೇ ಆದರೆ ನಾಲ್ಕನ್ನೂ ತೆಗೆಯಬೇಕಾದೀತು ಎಂದರು. ದಿನವಿಡೀ ತರಗತಿಯಲ್ಲಿ ಮಾತಾಡುವವನಿಗೆ ಇದು ಸಣ್ಣ ಸುದ್ದಿಯಲ್ಲ.

ಸಕ್ಕರೆ ಕಾಯಿಲೆ ಉಂಟಾ ಎಂದು ಕೇಳಿದರು. ಇಲ್ಲ. ಎಲೆಯಡಿಕೆ, ಬೀಡಿ? ಇಲ್ಲ.

"ಹಾಗಾದ್ರೆ ಊಟ ಎಂತ ಮಾಡುದು?"

ಹೇಳಿದೆ. ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆನೆಂದು ಕಾಣುತ್ತದೆ.

"ಹಣ್ಣು?"

"ಇಲ್ಲ."

"ತರಕಾರಿ?"

"ಇಲ್ಲ."

"ಒಂದು ಲಿಂಬೆ ಶರಬತ್ತು ಸಹ ಇಲ್ವಾ?"

"ಅದು ಹುಳಿ ಅಲ್ವಾ?"

ಅವರು ಕೈಯಲ್ಲಿದ್ದ ಕನ್ನಡಿಯನ್ನು ತಟ್ಟೆಯಲ್ಲಿಟ್ಟರು. "ಸರ್, ನೀವು ಕಾಲೇಜಲ್ಲಿ ಕಲಿಸುದು ಎಂತ?"

ಲಿಂಬೆರಸದಲ್ಲಿ ಸಿ ವಿಟಮಿನ್ ಎಷ್ಟಿದೆ ಎಂದು ಅಯೋಡಿನ್ ಹನಿಸಿ ಲೆಕ್ಕ ಹಾಕುವುದನ್ನು ಪ್ರತಿ ವರ್ಷ ಮಕ್ಕಳಿಂದ ಮಾಡಿಸುತ್ತೇನೆ ಎಂದು ಆ ಕುರ್ಚಿಯಲ್ಲಿ ಮಲಗಿ ಹೇಳುವ ಧೈರ್ಯ ಬರಲಿಲ್ಲ.

ರಕ್ತಪರೀಕ್ಷೆಯಲ್ಲಿ ಸಿ ತೀರಾ ಕಡಿಮೆ ಎಂದು ಬಂತು. ಅವರು ವಿವರಿಸಿದರು: ಹಲ್ಲು ಎಲುಬಿನಲ್ಲಿ ಮೊಳೆ ಹೊಡೆದ ಹಾಗೆ ಕೂತಿರುವುದಲ್ಲ, ಸಣ್ಣ ಸಣ್ಣ ನಾರುಗಳು ಅದನ್ನು ಹಿಡಿದಿರುತ್ತವೆ. ಆ ನಾರು ಸವೆಯುತ್ತಲೇ ಇರುತ್ತದೆ, ದೇಹ ಹೊಸತನ್ನು ನೇಯುತ್ತಲೇ ಇರುತ್ತದೆ. ಸಿ ಇಲ್ಲದಿದ್ದರೆ ಆ ನೇಯ್ಗೆ ಕೆಡುತ್ತದೆ, ಸಣ್ಣ ರಕ್ತನಾಳಗಳ ಗೋಡೆಯೂ ದುರ್ಬಲವಾಗುತ್ತದೆ. ಮೇಲಿಂದ ನಾನು ಉಜ್ಜದೆ ಬಿಟ್ಟ ಕೊಳೆ ಬೇರೆ. "ಹುಳಿ ಇದ್ದಲ್ಲೆಲ್ಲ ಸಿ ಇರುದಿಲ್ಲ ಸರ್. ಹುಣಸೆಯಲ್ಲಿ ಇಲ್ಲ ಅಂತಲೇ ಹೇಳ್ಬಹುದು. ಪೇರಳೆ ಹುಳಿಯೇ ಇಲ್ಲ, ಅದ್ರಲ್ಲಿ ಲಿಂಬೆಗಿಂತ ಜಾಸ್ತಿ ಉಂಟು."

"ಹಲ್ಲು ಉಳೀತದಾ?" ಎಂದು ಜೊತೆಗೆ ಬಂದಿದ್ದ ಹೆಂಡತಿ ಕೇಳಿದಳು.

"ಸಿ ಇಲ್ಲದೆ ಸಡಿಲ ಆದದ್ದು ಗಟ್ಟಿ ಆಗ್ತದೆ. ಕೊಳೆಯಿಂದ ಎಲುಬು ಸವೆದಿದ್ರೆ ಅದು ವಾಪಸ್ ಬರುದಿಲ್ಲ. ಎಕ್ಸ್‌ರೇಯಲ್ಲಿ ಒಂದರ ಬುಡ ಸವೆದದ್ದು ಕಾಣ್ತದೆ. ಮಾತ್ರೆ ತಗೊಳ್ಳಿ, ಮೆಲ್ಲ ಉಜ್ಜಿ. ಕಾದು ನೋಡುವ."

ಅದೇ ಎಣ್ಣೆ, ಅದೇ ಪಥ್ಯ ನಡೆಸಿದ ಚಪ್ಪಲಿ ಅಂಗಡಿಯವರ ಹಲ್ಲು ಮಾತ್ರ ಗಟ್ಟಿಯಾಗಿತ್ತು. ಇದು ಹೇಗೆ ಎಂದು ವಿಚಾರಿಸಲು ಹೋದರೆ ಅವರು ನನ್ನನ್ನೇ ವಿಚಾರಿಸಿದರು.

"ನೀವು ಪಥ್ಯ ನಿಜವಾಗಿ ಮಾಡಿದ್ರಾ?"

"ನೀವು ಮಾಡ್ಲಿಲ್ವಾ?"

"ಮಾಡಿದೆ ಮಾರಾಯ್ರೆ. ಆದ್ರೆ ನಡುವಲ್ಲಿ ಎರಡು ಮದುವೆ ಬಂತು. ಬಿರಿಯಾನಿ ಬದಿಯಲ್ಲಿ ಸಲಾಡ್ ಉಂಟು, ಆಮೇಲೆ ಲೈಮ್ ಕೊಡ್ತಾರೆ. ಬೇಡ ಅಂತ ಹೇಳ್ಲಿಕ್ಕೆ ಆಗ್ತದಾ? ನಿಮ್ಮ ಮಂಡೆ ಸಮ ಉಂಟಾ? ನಂಬದವರು ಪಥ್ಯ ಮಾಡ್ಲೇಬಾರ್ದು ಮಾಸ್ಟ್ರೆ. ನಂಬುವವರಿಗೆ ಎಲ್ಲಿ ಬಿಡ್ಬೇಕು ಅಂತ ಗೊತ್ತಿರ್ತದೆ."

ಇಲ್ಲಿಂದ ಮುಂದೆ ನೆನಪಿನ ತಕರಾರು. ನೆಲ್ಲಿಕಾಯಿ ತಿನ್ನಬಹುದು ಎಂದು ಮಂಡೆಕೋಲಿನ ವೈದ್ಯರು ಅಂದೇ ಹೇಳಿದ್ದರು ಎನ್ನುತ್ತಾಳೆ ಹೆಂಡತಿ. ನನಗೆ ನೆನಪಿಲ್ಲ. ಗೆಳೆಯರಿಗೂ ಇಲ್ಲ, ಆದರೆ ಅವರಿಗೆ ಪಥ್ಯದ ಯಾವ ಮಾತೂ ಸರಿಯಾಗಿ ನೆನಪಿಲ್ಲ. ಹಾಗಾದರೆ ಅಷ್ಟು ತಿಂಗಳು ನೀನು ಯಾಕೆ ಹೇಳಲಿಲ್ಲ ಎಂದು ಅವಳನ್ನು ಕೇಳಿದೆ.

"ಹೇಳಿದ್ದೆ. ನೀವು ಆಗ್ಲೂ ಕೇಳ್ಲಿಲ್ಲ."

ವೈದ್ಯರಿಗೆ ಫೋನ್ ಮಾಡಿ ನೆಲ್ಲಿಕಾಯಿಯ ಮಾತು ಕೇಳಿದೆ. "ಬಂದವರಿಗೆಲ್ಲ ಎಂತ ಹೇಳಿದೆ ಅಂತ ನೆನಪಿರ್ತದಾ? ತುರಿ ಹೋಯ್ತಾ?"

"ಹೋಯ್ತು."

"ಮತ್ತೆ ಫೋನ್ ಎಂತಕ್ಕೆ?"

ದಂತವೈದ್ಯೆಯ ಮಾತು ಕೇಳಿದ ಮೇಲೆ ಹೆಂಡತಿಯ ನೆನಪಿನೊಳಗೆ ಸಿ ತುಂಬಿದ ನೆಲ್ಲಿಕಾಯಿ ಬಂದು ಸೇರಿಕೊಂಡಿರಬಹುದು. ಹಾಗೆ ಆಗುವುದುಂಟು. ಆದರೆ ಹೀಗೆ ಯೋಚಿಸುವುದು ನನಗೆ ಅನುಕೂಲ ಎಂಬುದೂ ಸತ್ಯ. ಈ ಸಂಶಯವನ್ನು ಅವಳಿಗೆ ಹೇಳಿಲ್ಲ.

ಮಾತ್ರೆ ಶುರುಮಾಡಿದ ಒಂದೆರಡು ವಾರಗಳಲ್ಲಿ ರಕ್ತ ನಿಂತಿತು. ಒಸಡಿನ ಬಣ್ಣ ತಿರುಗಲು ಹೆಚ್ಚು ಕಾಲ ಬೇಕಾಯಿತು. ಮಳೆಗಾಲ ಹಿಡಿಯುವ ಹೊತ್ತಿಗೆ ಮತ್ತೆ ಹೋದೆವು. ದಂತವೈದ್ಯೆ ಎರಡು ಸಲಕರಣೆಗಳ ಹಿಡಿಯ ನಡುವೆ ಒಂದೊಂದೇ ಹಲ್ಲನ್ನು ಹಿಡಿದು ಅಲ್ಲಾಡಿಸಿ ನೋಡಿದರು. ಮೂರು ಕದಲಲಿಲ್ಲ. ನಾಲ್ಕನೆಯದು ಕದಲಿತು.

"ಇದು ಎಲುಬು ಸವೆದದ್ದು. ಇದು ಮೊದಲೇ ಶುರು ಆಗಿರ್ಬೇಕು, ಪಥ್ಯ ಬರೀ ಜೋರು ಮಾಡಿದ್ದು. ತೆಗೀಬಹುದು. ಇಲ್ಲದಿದ್ರೆ ಪಕ್ಕದ ಹಲ್ಲುಗಳಿಗೆ ಸೇರಿಸಿ ಕಟ್ಟಬಹುದು. ಎಷ್ಟು ವರ್ಷ ನಿಲ್ತದೆ ಅಂತ ನಾನು ಹೇಳುದಿಲ್ಲ."

ಬಾಯಿ ತೆರೆದೇ ಇದ್ದ ನನ್ನಿಂದ ಉತ್ತರ ಬರುವ ಮೊದಲೇ ಹೆಂಡತಿ, "ಕಟ್ಟಿ ಡಾಕ್ಟ್ರೆ" ಎಂದಳು.

ಹಿಂಬದಿಯಿಂದ ತೆಳ್ಳಗಿನ ತಂತಿ ಇಟ್ಟು ಅಂಟಿಸಿದರು. ಹೊರಗಿನಿಂದ ಕಾಣುವುದಿಲ್ಲ. ತರಗತಿಯಲ್ಲಿ ಜೋರಾಗಿ ಮಾತಾಡುವಾಗ ನಾಲಗೆ ಅದಕ್ಕೆ ತಾಗುತ್ತದೆ, ಹಲ್ಲು ಅಲ್ಲಿಯೇ ಇದೆ.