ದೂರವಾ ಎಂದರೆ ಇಲ್ಲೇ ಅನ್ನಿ

ಗುಲಾಬಿಯವರ ಹೋಮ್‌ಸ್ಟೇಯ ರಿಸೆಪ್ಷನ್ ಇರುವುದು ಲಂಡನ್ನಿನ ಗ್ರೀನ್‌ಫರ್ಡಿನಲ್ಲಿ, ಅವರ ಅಡುಗೆಮನೆಯ ಕಿಟಕಿಯ ಬಳಿ, ಕರಿಬೇವಿನ ಕುಂಡದ ಪಕ್ಕ. ಅದರ ಎರಡು ಕೋಣೆಗಳು ಇರುವುದು ಕುಂದಾಪುರದ ಹೊಳೆಯ ನಡುವೆ, ಸಣ್ಣಕುದ್ರುವಿನಲ್ಲಿ. ಹೊಳೆ ಕಡಲು ಸೇರುವ ಮುನ್ನ ತನ್ನ ಮಧ್ಯೆ ಬಿಟ್ಟುಕೊಟ್ಟ ನೆಲಕ್ಕೆ ಆ ಕಡೆ ಕುದ್ರು ಎನ್ನುತ್ತಾರೆ. ಸುತ್ತ ಉಪ್ಪುನೀರು, ಎಲ್ಲೆಲ್ಲೂ ತೆಂಗು, ಹನ್ನೊಂದು ಮನೆ. ಸೇತುವೆ ಇಲ್ಲ. ಗುಲಾಬಿ ಹುಟ್ಟಿದ್ದು ಅಲ್ಲಿ. ತಮ್ಮ ಶಂಕರ ಈಗಲೂ ಅಲ್ಲೇ ದೋಣಿ ನಡೆಸುತ್ತಾರೆ. ಶಂಕರನ ಹೆಂಡತಿ ರಜನಿ ಮನೆಗೆ ತಾಗಿದ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಬಿಟ್ಟುಕೊಡುತ್ತಾರೆ. ಬುಕಿಂಗ್, ವಿಚಾರಣೆ, ತಕರಾರು ಮಾತ್ರ ಗ್ರೀನ್‌ಫರ್ಡಿಗೆ ಬರುತ್ತವೆ.

ಕೋಣೆ ಕೊಡುವ ಕಸುಬು ಗುಲಾಬಿಯವರಿಗೆ ಹೊಸದಲ್ಲ. ವೆಂಬ್ಲಿ ಸ್ಟೇಡಿಯಂ ಹತ್ತಿರದ ಒಂದು ಹೋಟೆಲಿನಲ್ಲಿ ಅವರು ವರ್ಷಗಟ್ಟಲೆ ಹೌಸ್‌ಕೀಪಿಂಗ್ ಮಾಡಿದ್ದಾರೆ. ಮೊದಲ ವಾರವೇ ಅಲ್ಲಿ ಕಲಿಸಿದ್ದು, ಕಾರಿಡಾರಿನಲ್ಲಿ ಅತಿಥಿ ಎದುರಾದರೆ ಪಕ್ಕಕ್ಕೆ ಸರಿದು ಗುಡ್ ಮಾರ್ನಿಂಗ್ ಅಂದು ಸುಮ್ಮನಾಗಬೇಕು ಎಂದು. "ಹೋಟ್ಲಲ್ಲಿ ಯಾರೂ ಯಾರನ್ನೂ ಎಂತದೂ ಕೇಣುದಿಲ್ಲ. ಜನ ದುಡ್ಡ್ ಕೊಡುದೇ ಅದ್ಕ್" ಎನ್ನುವುದು ಅವರ ಲೆಕ್ಕ. ಈ ಮಾತನ್ನು ಅವರು ದೂಷಣೆಯಾಗಿ ಹೇಳುವುದಿಲ್ಲ. ದಣಿದು ಬಂದವರಿಗೆ ಮೌನವೂ ಒಂದು ಸೌಕರ್ಯ ಎಂಬುದು ಅವರಿಗೆ ಗೊತ್ತು.

ಸಣ್ಣಕುದ್ರುವಿನಲ್ಲಿ ಆ ಸೌಕರ್ಯ ಇಲ್ಲ. ಹನ್ನೊಂದೂ ಮನೆಯವರು ದೋಣಿಗೆ ಹೋಗುವ ದಾರಿ ರಜನಿಯ ಅಂಗಳದ ನಡುವೆಯೇ ಹಾದುಹೋಗುತ್ತದೆ. ಶಾಲೆಗೆ ಹೋಗುವ ಮಕ್ಕಳು, ಮೀನುಬುಟ್ಟಿ ಹೊತ್ತವರು, ಪೇಟೆಗೆ ಹೊರಟವರು ಎಲ್ಲರೂ ಆ ಅಂಗಳ ತುಳಿದೇ ಹೋಗಬೇಕು. ಹೋಗುವಾಗ ಎದುರು ಸಿಕ್ಕವರನ್ನು ಮಾತಾಡಿಸಬೇಕು. ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂಬ ನಂಬಿಕೆ ಇರುವುದರಿಂದ ಅಲ್ಲಿ ಯಾರೂ ಎಲ್ಲಿಗೆ ಎನ್ನುವುದಿಲ್ಲ. "ದೂರವಾ?" ಎನ್ನುತ್ತಾರೆ. ಬೆಂಗಳೂರಿಗೆ ಹೊರಟವನೂ, ಬಾವಿಕಟ್ಟೆಗೆ ಹೊರಟವಳೂ ಕೊಡುವ ಉತ್ತರ ಒಂದೇ: "ಇಲ್ಲೇ."

ಮೊದಲ ವರ್ಷದ ಅತಿಥಿಗಳು ದೂರವಾ ಎಂದರೆ ತಿಳಿಯದೆ ನಕ್ಕು ಮುಂದೆ ಹೋದರು. ಅವರಿಗೆ ಅದರಿಂದ ಏನೂ ತೊಂದರೆಯಾಗಲಿಲ್ಲ. ತೊಂದರೆಯಾದದ್ದು ಕುದ್ರುವಿನವರಿಗೆ.

"ಅತ್ತಿಗೆ, ಬಾಯ್ಬಿಟ್ಟ್ ಮಾತಾಡ್ಸಿರೆ ಹಲ್ಲ್ ಕಾಣ್ಸಿ ಹ್ವಾತ್ರ್" ಎಂದು ರಜನಿ ಫೋನಿನಲ್ಲಿ ದೂರಿದರು. "ನಮ್ಮನೆ ಕೋಣ್ಯಲ್ಲಿ ಮಲ್ಗಿ, ನಮ್ಮನೆ ನೀರ್ ಕುಡ್ದ್, ಒಂದ್ ಮಾತಿಗೆ ಉತ್ರ ಇಲ್ಲ. ನೆರೆಕರೆಯವ್ರ್ ನಂಗೆ ಹೇಳ್ತ್ರ್."

ಇಂಗ್ಲಿಷಿನಲ್ಲಿ ಕೇಳಿದರೆ ಉತ್ತರ ಬರುತ್ತದೆ ಎಂದು ಗುಲಾಬಿಯವರಿಗೆ ತೋರಿತು. ದೂರವಾ ಎಂಬುದನ್ನು ಇಂಗ್ಲಿಷಿಗೆ ತಿರುಗಿಸಲು ನೋಡಿದರು, ಆ ಮಾತು ಅಲ್ಲಿ ಕೂರಲಿಲ್ಲ. ಕೊನೆಗೆ 'ವೇರ್ ಆರ್ ಯೂ ಗೋಯಿಂಗ್' ಎಂದು ಗೊತ್ತುಮಾಡಿ, ಒಂದು ಭಾನುವಾರ ವೀಡಿಯೋ ಕಾಲಿನಲ್ಲಿ ಹನ್ನೊಂದು ಮನೆಯವರಿಗೂ ಬಾಯಿಪಾಠ ಮಾಡಿಸಿದರು. ತಮ್ಮೊಳಗೆ ಯಾರೂ ಎಂದೂ ಕೇಳದ ಪ್ರಶ್ನೆಯನ್ನು ಇಡೀ ಕುದ್ರು ಅತಿಥಿಗಳಿಗಾಗಿ ಶ್ರದ್ಧೆಯಿಂದ ಕಲಿತಿತು.

ಎರಡನೆಯ ವರ್ಷ ರೇಟಿಂಗ್ ಇಳಿಯತೊಡಗಿತು. ಮನೆ ಚೆಂದ, ಮೀನು ಚೆಂದ, ಹೊಳೆ ಚೆಂದ ಎಂದು ಬರೆದವರೇ ನಕ್ಷತ್ರ ಮಾತ್ರ ಎರಡು ಕೊಟ್ಟರು. ಸಣ್ಣಕುದ್ರುವಿಗೆ ಅತಿಥಿಗಳನ್ನು ಕಳಿಸುವ ಕಂಪನಿಯ ಕಚೇರಿ ವೆಂಬ್ಲಿಯಲ್ಲಿದೆ, ಸ್ಟೇಡಿಯಂ ಬಳಿಯ ಹೊಸ ಕಟ್ಟಡವೊಂದರ ಮೇಲಂತಸ್ತಿನಲ್ಲಿ. ಅಲ್ಲಿನ ಹೆಲೆನ್ ಎಂಬಾಕೆ ಗುಲಾಬಿಯವರನ್ನು ಕರೆಸಿ, ಚಹಾ ಕೊಟ್ಟು, ನೇರವಾಗಿಯೇ ಹೇಳಿದರು: "ನಮ್ಮ ಅತಿಥಿಗಳು ದ್ವೀಪಕ್ಕೆ ಹೋಗುವುದು ಏಕಾಂತಕ್ಕೆ. ಅವರ ಬಾಗಿಲ ಮುಂದೆ ಊರೇ ಓಡಾಡುತ್ತಿದೆ. ಅಂಗಳಕ್ಕೆ ಗೋಡೆ ಹಾಕಿ, ದಾರಿಯನ್ನು ಹಿಂದಕ್ಕೆ ತಿರುಗಿಸಿ. ಇಲ್ಲವಾದರೆ ಈ ಚಳಿಗಾಲದಿಂದ ನಿಮ್ಮ ಮನೆಯನ್ನು ನಮ್ಮ ಪುಟದಿಂದ ತೆಗೆಯಬೇಕಾಗುತ್ತದೆ."

ಮನೆಯ ಹಿಂದೆ ಇರುವುದು ಕೆಸರು. ಉಬ್ಬರ ಬಂದಾಗ ಅಲ್ಲಿ ಮೊಣಕಾಲಿನವರೆಗೆ ನೀರು. ಗೋಡೆ ಎದ್ದರೆ ಮುದುಕರೂ ಮಕ್ಕಳೂ ಅದರಲ್ಲೇ ದೋಣಿಗೆ ಹೋಗಬೇಕು. ಗೋಡೆ ಏಳದಿದ್ದರೆ ಕೋಣೆಗಳು ಖಾಲಿ ಬೀಳುತ್ತವೆ. ಎರಡು ಬಗೆಯಲ್ಲೂ ಹೆಸರು ಕೆಡುವುದು ಗುಲಾಬಿಯವರದೇ. ಅವರು ಹುಟ್ಟಿದ ಮನೆ ಅದು, ಅವರು ಶಾಲೆಗೆ ಓಡಿದ ದಾರಿ ಅದು.

ಗಂಡ ಉಮಾನಾಥ ವೆಂಬ್ಲಿಯ ಒಂದು ದಕ್ಷಿಣ ಭಾರತೀಯ ಹೋಟೆಲಿನಲ್ಲಿ ಅಡುಗೆಯವರು. ಅವರಿಗೆ ಇದರಲ್ಲಿ ಯೋಚಿಸುವಂಥದ್ದೇನೂ ಕಾಣಲಿಲ್ಲ. "ಗೋಡೆ ಕಟ್ಟಿ ಮುಗ್ಸುಕೆ ಹೇಳ್ ಮಾರಾಯ್ತಿ. ಎರಡ್ ದಿನ ಬೈತ್ರ್, ಮೂರ್ನೇ ದಿನ ಸುತ್ತ್ ಹಾಕಂಡ್ ಹ್ವಾತ್ರ್."

ಶಂಕರ ಆಗಲೇ ಕೆಂಪುಕಲ್ಲು ತರಿಸಿ ಅಂಗಳದ ಮೂಲೆಯಲ್ಲಿ ಪೇರಿಸಿದ್ದರು. ಗೋಡೆ ಕಟ್ಟಲು ಅವರಿಗೂ ಮನಸ್ಸಿರಲಿಲ್ಲ, ಆದರೆ ಅಕ್ಕ ಲಂಡನ್ನಿನಿಂದ ಏನು ಹೇಳುತ್ತಾಳೋ ಅದು. ರಜನಿ ಮಾತ್ರ ಸುಮ್ಮನಿರಲಿಲ್ಲ. "ಅವ್ರಿಗ್ ನಾವ್ ಕೊಟ್ಟದ್ದ್ ಎರಡ್ ಕೋಣಿ ಅತ್ತಿಗೆ, ಇಡೀ ಕುದ್ರ್ ಅಲ್ಲ. ಐಲ್ಯಾಂಡ್ ಅಂದ್ರೆ ಅವ್ರಿಗ್ ಖಾಲಿ ಜಾಗ. ಗೋಡೆ ಕಟ್ರೆ ತುದಿಮನೆ ಅಜ್ಜಿ ದೋಣಿಗೆ ಹಾರ್ಕಂಡ್ ಹೋಯ್ಕಾ?"

ಗಂಟು ಬಿಚ್ಚಿದ್ದು ಒಂದು ಶನಿವಾರ ಮಧ್ಯಾಹ್ನ. ಮಗಳು ಸೃಷ್ಟಿ ಸೋಫಾದಲ್ಲಿ ಕಾಲು ಚಾಚಿ, ಅತಿಥಿಗಳು ಬರೆದದ್ದನ್ನು ಸಾಲಾಗಿ ಓದುತ್ತಿದ್ದಳು. ಹಾಗೆ ಸಾಲಾಗಿ ಅದುವರೆಗೆ ಯಾರೂ ಓದಿರಲಿಲ್ಲ.

"ಅಮ್ಮ, ಲಿಸನ್. ಜನ ಓಡಾಡ್ತಾರೆ ಅಂತ ಯಾರೂ ಬರೆದೇ ಇಲ್ಲ. ಎಲ್ರೂ ಎಲ್ಲಿಗೆ ಹೋಗ್ತೀರಿ ಅಂತ ಕೇಳ್ತಾರೆ, ಅದೇ ಕಂಪ್ಲೇಂಟ್. ತೆಂಗಿನಕಾಯಿ ಸುಲಿಯೋನು ಕೇಳ್ದ, ಮೀನಿನವಳು ಕೇಳಿದ್ಲು. ಇಲ್ಲೊಬ್ರು ಟವೆಲ್ ಹಿಡ್ಕೊಂಡು ಸ್ನಾನಕ್ಕೆ ಹೋಗ್ವಾಗ್ಲೂ ಕೇಳಿದ್ರಂತೆ. ಪೊಲೀಸ್ ಸ್ಟೇಷನ್ ಥರ ಇತ್ತು ಅಂತಾರೆ. ಹೂ ಟಾಟ್ ದೆಮ್ ದಿಸ್?"

ಗುಲಾಬಿ ತೊಳೆದ ಲೋಟವನ್ನೇ ಇನ್ನೊಮ್ಮೆ ತೊಳೆದರು.

ಉಮಾನಾಥರಿಗೆ ನಗು ತಡೆಯಲಿಲ್ಲ. "ನಿನ್ನ್ ಅಮ್ಮನೇ! ಇಡೀ ಕುದ್ರಿಗೆ ಶಾಲಿ ಮಾಡದ್ದ್ ನಾನ್ ಕಂಡಿದ್ದೆ ಅಲ್ದಾ? ಎಲ್ಲಿಗೆ ಅಂದ್ರೆ ಕೆಲ್ಸ ಕೆಡತ್ತ್ ಅಂತ ಹಿರಿಯರ್ ಹೇಳಿದ್ದ್ ಸುಳ್ಳಲ್ಲ ಕಾಣ್. ಕೆಟ್ಟೇ ಹೋಯ್ತ್!"

"ಹ್ವಾಯ್, ಬಾಯ್ ಮುಚ್ಚಿ" ಎಂದರು ಗುಲಾಬಿ. ಆದರೆ ಅವರೂ ನಗುತ್ತಿದ್ದರು. ತಪ್ಪು ಗೋಡೆ ಇಲ್ಲದ್ದರಲ್ಲಿ ಇರಲಿಲ್ಲ, ಒಂದು ವಾಕ್ಯದಲ್ಲಿ ಇತ್ತು. ವಾಕ್ಯವನ್ನು ಹಿಂದಕ್ಕೆ ಪಡೆಯಬಹುದು.

ಸೋಮವಾರ ಅವರು ಹೆಲೆನ್ ಬಳಿ ಹೋಗಿ, ಮುಂದಿನ ಅತಿಥಿಗಳು ಬಂದುಹೋಗುವವರೆಗೆ ಸಮಯ ಕೇಳಿದರು. ಗೋಡೆ ಇಲ್ಲ, ಪುಟದಲ್ಲಿ ನಾಲ್ಕು ಸಾಲು ಸೇರಿಸುತ್ತೇನೆ ಅಷ್ಟೆ ಎಂದರು. ಆ ಸಾಲುಗಳು ಹೀಗಿದ್ದವು: 'ಇದು ಖಾಲಿ ದ್ವೀಪವಲ್ಲ. ನಿಮ್ಮ ಬಾಗಿಲ ಮುಂದೆ ಹನ್ನೊಂದು ಮನೆಯವರು ಹಾದುಹೋಗುತ್ತಾರೆ. ಅವರು ದೂರವಾ ಎಂದು ಕೇಳುತ್ತಾರೆ. ನೀವು ಇಲ್ಲೇ ಅನ್ನಿ.'

ಹೆಲೆನ್ ಎರಡು ಸಲ ಓದಿದರು. "ಇದನ್ನು ಓದಿ ಅರ್ಧ ಜನ ಬುಕ್ ಮಾಡುವುದಿಲ್ಲ" ಎಂದರು.

"ಆ ಅರ್ಧ ಜನ ಬಂದರೆ ನಕ್ಷತ್ರ ಎರಡೇ ಕೊಡುತ್ತಾರೆ" ಎಂದರು ಗುಲಾಬಿ.

ಹೆಲೆನ್ ನಕ್ಕು ಒಪ್ಪಿದರು, ಒಂದೇ ಬುಕಿಂಗಿನ ಮಟ್ಟಿಗೆ. ಅದು ಸರಿಹೋಗದಿದ್ದರೆ ಗೋಡೆ.

ಆ ಬುಕಿಂಗ್ ರೈಸ್ಲಿಪ್ಪಿನ ಕೆನ್ ಮತ್ತು ಡೊರೀನ್ ದಂಪತಿಯದು. ಇಬ್ಬರೂ ನಿವೃತ್ತರು. ಕೆನ್ ಜೀವಮಾನವಿಡೀ ಲಂಡನ್ ಬಸ್ ಓಡಿಸಿದವರು. ಎಲ್ಲಿಗೆ ಎಂಬ ಪ್ರಶ್ನೆಗೆ ಉತ್ತರ ಅವರ ತಲೆಯ ಮೇಲಿನ ಬೋರ್ಡಿನಲ್ಲೇ ಇರುತ್ತಿತ್ತು. ಹೊರಡುವ ಮುನ್ನ ಇಬ್ಬರನ್ನೂ ಗುಲಾಬಿ ಗ್ರೀನ್‌ಫರ್ಡಿನ ಮನೆಗೆ ಊಟಕ್ಕೆ ಕರೆದರು. ಬಾಗಿಲಲ್ಲಿ ಬೆಲ್ಲ ನೀರು ಕೊಟ್ಟರು. ಕುದ್ರುವಿನಲ್ಲಿ ದೋಣಿ ಇಳಿದವರಿಗೆ ಮೊದಲು ಸಿಗುವುದೂ ಅದೇ.

ಊಟದ ನಂತರ ಹಜಾರವೇ ರಜನಿಯ ಅಂಗಳವಾಯಿತು. ಕೆನ್ ಸೋಫಾದಿಂದ ಮುಂಬಾಗಿಲಿಗೆ ನಡೆಯಬೇಕು. ಹನ್ನೊಂದೂ ಮನೆಯವರ ಪಾತ್ರ ಉಮಾನಾಥರದು. ಅವರು ಸೌಟು ಹಿಡಿದು ಅಡುಗೆಮನೆಯಿಂದ ಬಂದರು.

"ದೂರವಾ?"

ಕೆನ್ ನಿಂತು ಯೋಚಿಸಿದರು. "ಮೊದಲು ಪೇಟೆಗೆ, ಆಮೇಲೆ ಬೀಚಿಗೆ, ಐದು ಗಂಟೆಯೊಳಗೆ ವಾಪಸು" ಎಂದು ಇಂಗ್ಲಿಷಿನಲ್ಲಿ ವಿವರವಾಗಿ ಹೇಳಿದರು.

"ಅಷ್ಟು ಯಾರಿಗೂ ಬೇಡ" ಎಂದರು ಗುಲಾಬಿ. "ಎಲ್ಲಿಗೆ ಹೋದರೂ ಇಲ್ಲೇ."

"ಸುಳ್ಳು ಹೇಳಬೇಕೇ?" ಎಂದು ಡೊರೀನ್ ಕೇಳಿದರು.

"ಹೇಗಿದ್ದೀರಿ ಎಂದರೆ ನೀವು ಫೈನ್ ಅನ್ನುವುದಿಲ್ಲವೇ, ಮಂಡಿ ನೋವಿದ್ದರೂ? ಹಾಗೆ."

ಡೊರೀನ್ ಗಂಡನ ಮಂಡಿಯತ್ತ ನೋಡಿ ತಲೆಯಾಡಿಸಿದರು. ಅಲ್ಲಿಂದ ಮುಂದೆ ಪಾಠ ಸಲೀಸಾಯಿತು. ಉಮಾನಾಥ ಸೌಟು ಬಿಟ್ಟು ಛತ್ರಿ ಹಿಡಿದು ಬಂದರು, ಛತ್ರಿ ಬಿಟ್ಟು ಕೋಟು ತೊಟ್ಟು ಬಂದರು, ಸೃಷ್ಟಿಯ ಶಾಲು ತಲೆಗೆ ಹೊದ್ದು ಅಜ್ಜಿಯಾಗಿ ಬಂದರು. ಪ್ರತಿ ಸಲವೂ ಕೆನ್ "ಇಲ್ಲೇ" ಎಂದರು. ಸೃಷ್ಟಿ ವೀಡಿಯೋ ಮಾಡಿಕೊಂಡಳು.

ಕುದ್ರುವಿನ ಕಡೆಯ ಪಾಠ ಇಷ್ಟು ಸುಲಭವಾಗಲಿಲ್ಲ. ಇನ್ನು ಇಂಗ್ಲಿಷ್ ಬೇಡ ಎಂದು ಗುಲಾಬಿ ವೀಡಿಯೋ ಕಾಲಿನಲ್ಲಿ ಹೇಳಿದಾಗ ತುದಿಮನೆಯ ಅಜ್ಜಿ ಮುನಿಸಿಕೊಂಡರು. "ಕಷ್ಟ ಪಟ್ಟ್ ಕಲ್ತದ್ದ್ ಮಗಾ, ಇನ್ನ್ ಮರೂಕಾ? ಹಾಂಗಾರೆ ಮೊದ್ಲ್ ಯಾಕ್ ಕಲ್ಸದ್ದ್?" ಆ ಒಂದು ಇಂಗ್ಲಿಷ್ ವಾಕ್ಯವನ್ನು ಮೊಮ್ಮಕ್ಕಳ ಮೇಲೆ ಬಳಸಬಹುದು ಎಂಬ ಒಪ್ಪಂದದ ಮೇಲೆ ಅಜ್ಜಿ ರಾಜಿಯಾದರು.

ಕೆನ್ ಮತ್ತು ಡೊರೀನ್ ಹೊರಟರು. ಗ್ರೀನ್‌ಫರ್ಡಿಗೆ ಮೊದಲ ದಿನ ಸುದ್ದಿ ಇಲ್ಲ. ಎರಡನೆಯ ದಿನವೂ ಇಲ್ಲ. ಗುಲಾಬಿ ತಾವಾಗಿ ಫೋನ್ ಮಾಡಲಿಲ್ಲ. ಹೋಟೆಲಿನ ಅನುಭವ ಹೇಳುವಂತೆ, ಕರೆಯದೆ ಬಾಗಿಲು ತಟ್ಟಬಾರದು. ಕೆಂಪುಕಲ್ಲು ಅಂಗಳದ ಮೂಲೆಯಲ್ಲಿ ಕಾಯುತ್ತಿತ್ತು, ಕಟ್ಟುವ ಮೇಸ್ತ್ರಿಗೆ ಶಂಕರ ಮಾತು ಕೊಟ್ಟಾಗಿತ್ತು.

ಕೆನ್ ದಂಪತಿ ಕುದ್ರುವಿನಿಂದ ಹೊರಡುವ ದಿನ ರಜನಿಯ ಕರೆ ಬಂತು. ಮಾತಿಗಿಂತ ಮೊದಲು ನಗು ಕೇಳಿಸಿತು. ಹಿಂದೆ ಇನ್ನೂ ಹತ್ತಾರು ಜನರ ನಗು.

"ಎಂತ ಆಯ್ತ್ ರಜನಿ?"

"ಅತ್ತಿಗೆ, ಈಗಷ್ಟೇ ದೋಣಿ ಹತ್ಸಿ ಬಂದೆವ್. ಬಂದ ಮರುದಿನದಿಂದ್ಲೇ ಆ ಗಂಡ್ಸ್ ಬೆಳಿಗ್ಗೆ ಅಂಗ್ಳದಲ್ಲಿ ಕುರ್ಚಿ ಹಾಕಂಡ್ ಕೂಕಂತಿದ್ರ್. ಯಾರ್ ಬಂದ್ರೂ, ಅವ್ರ್ ಕೇಣೂಕೂ ಮೊದ್ಲೇ ಇಲ್ಲೇ ಇಲ್ಲೇ ಅಂತಿದ್ರ್. ಇವತ್ತ್ ಎರಡ್ ದೊಡ್ಡ್ ಪೆಟ್ಗಿ ಹಿಡ್ಕಂಡ್, ಕೋಟ್ ಹಾಕಂಡ್, ದೋಣಿಗೆ ಹೊರಟ್ರ್. ಇಡೀ ಕುದ್ರೇ ಬಂದ್ ನಿಂತಿತ್ತ್. ತುದಿಮನೆ ಅಜ್ಜಿ ಕೇಂಡ್ರ್, ದೂರವಾ ಅಂತ."

"ಹೂಂ?"

"ಪೆಟ್ಗಿ ಕೆಳಗಿಟ್ಟ್, ಕೈ ಮುಗ್ದ್, ಇಲ್ಲೇ, ಲಂಡನ್ ಅಂದ್ರ್ ಅತ್ತಿಗೆ!"

ಗುಲಾಬಿ ಫೋನನ್ನು ಸ್ಪೀಕರಿಗೆ ಹಾಕಿ ಉಮಾನಾಥರನ್ನು ಕೂಗಿದರು. ರಜನಿ ಅದನ್ನು ಮತ್ತೊಮ್ಮೆ ಹೇಳಬೇಕಾಯಿತು. ಅಜ್ಜಿ ಕೆನ್ ಅವರ ಗಲ್ಲ ಮುಟ್ಟಿ ನೆಟಿಗೆ ಮುರಿದರಂತೆ. ದೋಣಿ ದಡ ಬಿಟ್ಟ ಮೇಲೂ ಡೊರೀನ್ ಕಣ್ಣೊರೆಸಿಕೊಳ್ಳುತ್ತಲೇ ಇದ್ದರಂತೆ.

ಕೆನ್ ಬರೆದದ್ದು ಉದ್ದವಿರಲಿಲ್ಲ. 'ಲಂಡನ್ನಿನಲ್ಲಿ ಮೂವತ್ತು ವರ್ಷ ನನ್ನ ಬಸ್ಸು ಹತ್ತಿದವರಲ್ಲಿ ನನ್ನನ್ನು ಮಾತಾಡಿಸಿದವರು ಕಡಿಮೆ. ಇಲ್ಲಿ ಕುರ್ಚಿಯಿಂದ ಏಳುವಷ್ಟರಲ್ಲಿ ಮಾತಾಡಿಸುತ್ತಾರೆ. ಉತ್ತರ ಕಲಿತು ಹೋಗಿ.' ನಕ್ಷತ್ರ ಐದು. ಬಸ್ಸಿನ ಹಳೆಯ ಗೆಳೆಯರಲ್ಲಿ ಇಬ್ಬರು ಆ ವಾರವೇ ಬುಕ್ ಮಾಡಿದರು. ಆಮೇಲೆ ಹ್ಯಾರೋದ ವೈದ್ಯ ದಂಪತಿ ಮಾಡಿದರು. ಇವರು ಮೈಸೂರಿನವರಾದ್ದರಿಂದ ತಮಗೆ ಪಾಠ ಬೇಡ ಎಂದಿದ್ದರು, ರಜನಿಯ ಕುಂದಾಪುರ ಕನ್ನಡವನ್ನು ಫೋನಿನಲ್ಲಿ ಕೇಳಿದ ಮೇಲೆ ತಾವೇ ಬಂದು ಕಲಿತು ಹೋದರು. ಹೊಸ ವರ್ಷದ ಹೊತ್ತಿಗೆ ಮಳೆಗಾಲದವರೆಗೂ ಕೋಣೆ ಖಾಲಿ ಇರಲಿಲ್ಲ.

ಹೆಲೆನ್ ತಾವೇ ಕರೆ ಮಾಡಿದರು. ಗೋಡೆಯ ಮಾತು ಬಿಟ್ಟುಬಿಡಿ ಎಂದರು. ಆ ನಾಲ್ಕು ಸಾಲುಗಳನ್ನು ಪುಟದ ಕೆಳಗಿನಿಂದ ಎಲ್ಲಕ್ಕಿಂತ ಮೇಲಕ್ಕೆ ತರಬಹುದೇ ಎಂದು ಕೇಳಿದರು. ಗುಲಾಬಿ ಒಂದು ಷರತ್ತು ಹಾಕಿದರು: ಐಲ್ಯಾಂಡ್ ಎಂದಿರುವ ಕಡೆಯಲ್ಲೆಲ್ಲ ಕುದ್ರು ಎಂದಿರಬೇಕು.

"ಅದನ್ನು ಹೇಗೆ ಉಚ್ಚರಿಸುವುದು?"

"ಊಟಕ್ಕೆ ಬನ್ನಿ, ಹೇಳಿಕೊಡುತ್ತೇನೆ" ಎಂದರು ಗುಲಾಬಿ. ಹೆಲೆನ್ ಬಂದರು. ಉಮಾನಾಥ ಮತ್ತೆ ಶಾಲು ಹೊದ್ದರು.

ತರಿಸಿದ್ದ ಕೆಂಪುಕಲ್ಲು ವ್ಯರ್ಥವಾಗಲಿಲ್ಲ. ಶಂಕರ ಅದರಲ್ಲಿ ಅಂಗಳದ ದಾರಿಗೆ ತಾಗಿ ಉದ್ದನೆಯ ಕಟ್ಟೆ ಕಟ್ಟಿಸಿದರು. ದೋಣಿಗೆ ಕಾಯುವವರು ಈಗ ಅದರ ಮೇಲೆ ಕೂರುತ್ತಾರೆ. ಅತಿಥಿಗಳೂ ಅಲ್ಲೇ ಕೂರುತ್ತಾರೆ. ಹೋದ ವಾರ ರಜನಿ ಪೇಟೆಗೆಂದು ಚೀಲ ಹಿಡಿದು ಹೊರಬಂದಾಗ, ಹಿಂದಿನ ದಿನವಷ್ಟೇ ಬಂದಿಳಿದ ಹುಡುಗಿಯೊಬ್ಬಳು ಕಟ್ಟೆಯ ಮೇಲಿಂದ ಅವರನ್ನು ಮಾತಾಡಿಸಿದಳು. ರಜನಿ ದೋಣಿಯಲ್ಲಿ ಕುಳಿತೇ ಗ್ರೀನ್‌ಫರ್ಡಿಗೆ ಫೋನ್ ಮಾಡಿದರು.

"ಅತ್ತಿಗೆ, ನನ್ನ್ ಅಂಗ್ಳದಲ್ಲಿ ಕೂಕಂಡ್ ನನ್ನನ್ನೇ ಕೇಣ್ತಳ್, ದೂರವಾ ಅಂತ!"

"ನೀ ಎಂತ ಹೇಳ್ದೆ?"

"ಎಂತ ಹೇಳುದ್? ಇಲ್ಲೇ ಅಂದೆ."