ತಿಂಡಿ ಗಾಡಿಯ ವಿಮೆ, ನಮ್ಮ ಮನೆಯ ಮಾನ

ಮಾನ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಈಗಲೂ ಮೈ ಉರಿಯುತ್ತದೆ. ಮದುವೆ ಮನೆಯಲ್ಲೋ ನೆಂಟರ ಮನೆಯಲ್ಲೋ ಯಾರಾದರೂ ‘ಮಾನ ಮರ್ಯಾದೆ’ ಎಂದು ಶುರು ಮಾಡಿದರೆ ಎದ್ದು ಹೊರಗೆ ಹೋಗುತ್ತೇನೆ. ಹೋಗದಿದ್ದರೆ ಬಾಯಿಗೆ ಬಂದದ್ದನ್ನು ಅಂದುಬಿಡುತ್ತೇನೆ. ಇವಳಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮ ಬೀದಿಯಲ್ಲಿ ಹೆಸರಾಗಿದೆ. ಆಗಲಿ ಬಿಡಿ. ನಮ್ಮ ಗಾಡಿಗೆ ವಿಮೆ ಮಾಡಿಸಿದ ಕಥೆ ಕೇಳಿದರೆ ನಿಮಗೂ ಕೋಪ ಬರುತ್ತದೆ.

ನಮ್ಮದು ಮುಳಬಾಗಿಲಿನಲ್ಲಿ ತಿಂಡಿ ಗಾಡಿ. ತಳ್ಳುವ ಗಾಡಿಯಲ್ಲ. ಹಳೆಯದೊಂದು ಗೂಡ್ಸ್ ಗಾಡಿ ಕೊಂಡು, ಕೋಲಾರದ ವೆಲ್ಡಿಂಗ್ ಅಂಗಡಿಯಲ್ಲಿ ಹಿಂಭಾಗಕ್ಕೆ ತಗಡಿನ ಮಾಡು, ಪಕ್ಕದಲ್ಲಿ ಮೇಲಕ್ಕೆತ್ತಿ ನಿಲ್ಲಿಸುವ ಬಾಗಿಲು, ಒಳಗೆ ಕಾವಲಿಗೂ ಬಾಣಲೆಗೂ ಕಬ್ಬಿಣದ ಚೌಕಟ್ಟು ಮಾಡಿಸಿಕೊಂಡಿದ್ದೆವು. ಬೆಳಿಗ್ಗೆ ಮುಳಬಾಗಿಲಿನ ಬಸ್ ನಿಲ್ದಾಣದ ಹತ್ತಿರ ನಿಲ್ಲುತ್ತಿತ್ತು. ಸಂತೆಯ ದಿನ ಸಂತೆಗೆ ಹೋಗುತ್ತಿತ್ತು. ಮಾವಿನ ಕಾಲ ಬಂತೆಂದರೆ ಶ್ರೀನಿವಾಸಪುರದ ಮಂಡಿಗಳ ಮುಂದೆ. ಲಾರಿಯವರು, ಹಮಾಲರು, ಕಾಯಿ ವಿಂಗಡಿಸುವ ಹೆಂಗಸರು ಎಲ್ಲರೂ ನಮ್ಮ ದೋಸೆ, ಬೋಂಡ ತಿಂದೇ ಕೆಲಸಕ್ಕೆ ಇಳಿಯುತ್ತಿದ್ದರು.

ಗಾಡಿ ಓಡಿಸುವುದು, ಗಿರಾಕಿಗಳಿಗೆ ತಟ್ಟೆ ಕೊಡುವುದು ನನ್ನ ಗಂಡ. ದಿನಸಿ ತರುವುದು, ಜಾಗ ಗೊತ್ತು ಮಾಡುವುದು, ಎಲ್ಲರ ಮೇಲೂ ಕೂಗಾಡುವುದು ಅವರ ಅಣ್ಣ, ಅಂದರೆ ನಮ್ಮ ಬಾವ. ಚಟ್ನಿ, ಪಲ್ಯ, ಪಾರ್ಸೆಲ್ ನನ್ನ ಪಾಲು. ಕಾವಲಿ ಮತ್ತು ಬಾಣಲೆಯ ಮುಂದೆ ನಿಲ್ಲುವುದು ಬಾವನ ಹೆಂಡತಿ, ನನ್ನ ವಾರಗಿತ್ತಿ. ನಾನು ಅವಳನ್ನು ಅಕ್ಕ ಎಂದೇ ಕರೆಯುವುದು. ಗಿರಾಕಿಗಳು ಬರುತ್ತಿದ್ದುದು ಅವಳ ಕೈಯ ದೋಸೆಗೆ. ಬಾವನ ಮುಖ ನೋಡಲು ಯಾರೂ ಬರುತ್ತಿರಲಿಲ್ಲ. ಮನೆಯಲ್ಲಿ ಅಕ್ಕಿ ನೆನೆಸಿ, ರುಬ್ಬಿ, ಹಿಟ್ಟು ಹುಳಿ ಬರಿಸಿ ಕೊಡುವುದು ನಮ್ಮ ಅತ್ತೆ. ಹೊರಗಿನವನೆಂದರೆ ತಟ್ಟೆ ತೊಳೆಯಲು ಸಂಬಳಕ್ಕಿದ್ದ ನಮ್ಮ ಬೀದಿಯವನೇ ಒಬ್ಬ ಮಧ್ಯವಯಸ್ಸಿನವನು.

ಮಾಲೂರಿನ ಕಡೆ ಇಂಥದೇ ಒಂದು ಗಾಡಿಗೆ ಗ್ಯಾಸ್ ಸೋರಿ ಬೆಂಕಿ ಹತ್ತಿತು ಎಂಬ ಸುದ್ದಿ ಬಂದ ಮೇಲೆ ನಾನು ಹಠ ಹಿಡಿದೆ. ನಮ್ಮ ಗಾಡಿಗಿದ್ದದ್ದು ಸರಕು ಸಾಗಿಸುವ ಗಾಡಿಯ ವಿಮೆ. ಒಳಗೆ ಒಲೆ ಉರಿಯುತ್ತದೆ ಎಂದು ಯಾರೂ ಯಾರಿಗೂ ಹೇಳಿರಲಿಲ್ಲ. ಕೊನೆಗೆ ಕೋಲಾರದಿಂದ ಒಬ್ಬ ವಿಮೆಯವನು ನಮ್ಮ ಮನೆಗೆ ಬಂದ. ಒಳ್ಳೆಯ ಮನುಷ್ಯ. ಗಾಡಿಯನ್ನು ಸುತ್ತಿ ನೋಡಿ, ನಡುಮನೆಯಲ್ಲಿ ಕೂತು ಕಾಫಿ ಕುಡಿಯುತ್ತಾ ಬಿಡಿಸಿ ಬಿಡಿಸಿ ಹೇಳಿದ. ಗಾಡಿಗೆ ಬೇರೆ, ಒಲೆ ಸಿಲಿಂಡರ್ ಪಾತ್ರೆಗಳಿಗೆ ಬೇರೆ, ತಿಂಡಿ ತಿಂದವರಿಗೆ ಏನಾದರೂ ಆದರೆ ಅದಕ್ಕೆ ಬೇರೆ, ಗಾಡಿಯಲ್ಲಿ ದುಡಿಯುವವರಿಗೆ ಪೆಟ್ಟಾದರೆ ಅದಕ್ಕೆ ಬೇರೆ.

ಮೊದಲ ಎರಡಕ್ಕೆ ಬಾವ ತಲೆಯಾಡಿಸಿದರು. ಮೂರನೆಯದಕ್ಕೆ, “ನಮ್ ತಿಂಡಿ ತಿಂದು ಯಾರಿಗೇನಾಗುತ್ರೀ?” ಎಂದು ಸಿಡುಕಿ ಆಮೇಲೆ ಒಪ್ಪಿಕೊಂಡರು. ನಾಲ್ಕನೆಯದು ಬಂತು.

“ಗಾಡೀಲಿ ಕೆಲಸಕ್ಕೆ ಎಷ್ಟು ಜನ ಇದಾರೆ ಸಾರ್?”

“ಒಬ್ಬ. ತಟ್ಟೆ ತೊಳೆಯೋನು.”

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ತಡೆಯಲಾಗಲಿಲ್ಲ.

“ಬಾವ, ಅಕ್ಕ ಇದಾಳೆ, ನಾನಿದೀನಿ. ಬೆಂಕಿ ಮುಂದೆ ನಿಲ್ಲೋರು ನಾವಲ್ವಾ?”

“ನೀನು ಸುಮ್ನಿರಮ್ಮ. ಇದು ಕೆಲಸದೋರ ಲೆಕ್ಕ.”

“ನಾವ್ ಮಾಡೋದು ಕೆಲಸ ಅಲ್ವಾ ಮತ್ತೆ? ಆಟಾನಾ?”

ಬಾವನ ಮುಖ ಕೆಂಪಾಯಿತು. ವಿಮೆಯವನ ಎದುರಿಗೇ, “ನಮ್ಮನೆ ಹೆಣ್ಮಕ್ಕಳನ್ನ ಕೂಲಿಯೋರು ಅಂತ ಬರೆಸೋದಾ? ತಟ್ಟೆ ತೊಳೆಯೋನ ಹೆಸರಿನ ಕೆಳಗೆ ನನ್ನ ಹೆಂಡ್ತಿ ಹೆಸರಾ? ಮಾನ ಏನಾಗ್ಬೇಕು?” ಎಂದು ಗದರಿದರು. ನನ್ನ ಗಂಡ ಕಾಫಿ ಲೋಟದ ತಳದಲ್ಲಿ ಏನೋ ಬರೆದಿರುವ ಹಾಗೆ ಅದನ್ನೇ ನೋಡುತ್ತಾ ಕೂತಿದ್ದರು. ಅತ್ತೆ ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಾ, “ಅವನು ಹೇಳೋದು ಸರಿಯಾಗೇ ಇದೆ. ನಾವೇನು ಆಳುಗಳಾ?” ಎಂದರು.

ವಿಮೆಯವನು ಮೆತ್ತಗೆ, “ಮನೆಯವರನ್ನೂ ಸೇರಿಸಬಹುದು ಸಾರ್, ಅದಕ್ಕೇನು ನಾಚಿಕೆ ಇಲ್ಲ. ಬೆಂಕಿ ಕೆಲಸ ನೋಡಿ,” ಎಂದ. ಬಾವ ಕೈ ಎತ್ತಿ ಅವನ ಬಾಯಿ ಮುಚ್ಚಿಸಿದರು.

ಅವನು ಹೋದ ಮೇಲೆ ನಾನು ಅಕ್ಕನನ್ನು ಹಿತ್ತಲಿಗೆ ಎಳೆದುಕೊಂಡು ಹೋದೆ. “ನೀನಾದ್ರೂ ಬಾಯಿ ಬಿಡಬಾರ್ದಾ?” ಎಂದೆ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು, “ಬೇಡ ಬಿಡು ಕಣೇ. ರಾಯಲ್ಪಾಡಿನ ನಮ್ಮಣ್ಣಂದಿರಿಗೆ ಗೊತ್ತಾದ್ರೆ ಏನಂದ್ಕೋತಾರೆ? ಹೆಣ್ಣು ಕೊಟ್ವಿ, ಕೂಲಿಗಿಟ್ಕೊಂಡಿದಾರೆ ಅನ್ನಲ್ವಾ?” ಎಂದಳು. ಅವಳ ಮೇಲೂ ನನಗೆ ರೇಗಿತು. ಅಣ್ಣಂದಿರು ಏನಂದುಕೊಳ್ಳುತ್ತಾರೆ ಎಂದು ಬೆಂಕಿಗೆ ಗೊತ್ತಿರುತ್ತದೆಯೇ? ಕೇಳಿಯೇ ಕೇಳಿದೆ. ಅವಳು ನಕ್ಕುಬಿಟ್ಟಳು.

ಅಂತೂ ನಮ್ಮ ಗಾಡಿಯಲ್ಲಿ ತಗಡಿಗೆ ವಿಮೆ, ಸಿಲಿಂಡರಿಗೆ ವಿಮೆ, ಬಾಣಲೆಗೆ ವಿಮೆ, ತಿನ್ನುವವರಿಗೆ ವಿಮೆ, ತೊಳೆಯುವವನಿಗೆ ವಿಮೆ. ಬೇಯಿಸುವವಳಿಗೆ ಮಾತ್ರ ಇಲ್ಲ. ಇಂಥ ಬುದ್ಧಿ ಯಾವ ದೇವರು ಕೊಟ್ಟನೋ! ಆಮೇಲೆ ತಟ್ಟೆ ತೊಳೆಯುವವನು ಒಡೆದ ಗಾಜು ತುಳಿದು ಹೊಲಿಗೆ ಹಾಕಿಸಿಕೊಂಡಾಗ ಅವನ ಆಸ್ಪತ್ರೆ ಖರ್ಚು ವಿಮೆಯಿಂದ ಬಂತು. ಬಾವ ಅದನ್ನು ಊರೆಲ್ಲ ಹೇಳಿಕೊಂಡು ತಿರುಗಿದರು. ನಾವು ಆಳುಗಳನ್ನು ನೋಡಿಕೊಳ್ಳುವ ರೀತಿ ಹೀಗೆ ಎಂದು ಬಸ್ ನಿಲ್ದಾಣದಲ್ಲಿ ನಿಂತು ಭಾಷಣ ಬೇರೆ. ನಾನು ಹಲ್ಲು ಕಚ್ಚಿಕೊಂಡು ಚಟ್ನಿಗೆ ಒಗ್ಗರಣೆ ಹಾಕಿದೆ.

ಮಾವಿನ ಕಾಲ ಬಂತು. ಶ್ರೀನಿವಾಸಪುರದಲ್ಲಿ ಮಂಡಿಯ ಮುಂದಿನ ಮಣ್ಣು ನೆಲ ಏರುಪೇರು. ಗಾಡಿ ನಿಲ್ಲಿಸಿದ ಮೇಲೆ ತಗ್ಗಿನ ಕಡೆಯ ಚಕ್ರದ ಕೆಳಗೆ ಚಪ್ಪಡಿ ಕಲ್ಲು ಕೊಟ್ಟು ಮಟ್ಟ ಮಾಡಿಕೊಳ್ಳುತ್ತಿದ್ದೆವು. ಕಾವಲಿ ಓರೆಯಾದರೆ ಎಣ್ಣೆ ಒಂದೇ ಕಡೆಗೆ ಓಡುತ್ತದಲ್ಲ, ಅದಕ್ಕೆ. ಹಿಂದಿನ ಸಂಜೆ ಮಳೆ ಸುರಿದಿತ್ತು. ನೆಲ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿತ್ತು. ಜನ ಮುತ್ತಿಕೊಂಡಿದ್ದ ಹೊತ್ತು. ಅಕ್ಕ ಬೋಂಡ ಬಿಡುತ್ತಿದ್ದಳು. ಕಲ್ಲು ಕುಸಿಯಿತು. ಗಾಡಿ ಒಮ್ಮೆಲೇ ವಾಲಿತು. ಬಾಣಲೆ ಚೌಕಟ್ಟನ್ನು ಹಾರಿ ತೆರೆದ ಬಾಗಿಲ ಕಡೆಗೆ ಜಾರಿತು. ಹಿಡಿಯಬಾರದಿತ್ತು, ಆದರೆ ಅವಳು ಬಲಗೈ ಅಡ್ಡ ಹಿಡಿದಳು. ಕೆಳಗೆ ಕೈ ಚಾಚಿ ನಿಂತ ಗಿರಾಕಿಗಳಿದ್ದರು, ಅವರ ಮೇಲೆ ಬೀಳುತ್ತದಲ್ಲ ಎಂದು.

ಆ ಕೂಗನ್ನು ನಾನು ಬರೆಯುವುದಿಲ್ಲ. ಒಬ್ಬ ಲಾರಿ ಡ್ರೈವರ್ ತನ್ನ ನೀರಿನ ಕ್ಯಾನನ್ನು ಪೂರ್ತಿ ಅವಳ ಕೈಗೆ ಸುರಿದ. ಅವನ ಲಾರಿಯಲ್ಲೇ ಅವಳನ್ನು ಕೂರಿಸಿಕೊಂಡು ಹೋದೆವು. ಶ್ರೀನಿವಾಸಪುರದ ಆಸ್ಪತ್ರೆಯಲ್ಲಿ ನೋಡಿ ಕೋಲಾರಕ್ಕೆ ಕಳಿಸಿದರು. ದಾರಿಯುದ್ದಕ್ಕೂ ಅವಳು ನನ್ನ ತೋಳು ಹಿಡಿದುಕೊಂಡು, “ಗ್ಯಾಸ್ ಆಫ್ ಮಾಡಿದ್ರಾ? ಯಾರಿಗೂ ಬೀಳ್ಲಿಲ್ವಲ್ಲ?” ಎಂದು ಅದನ್ನೇ ಕೇಳುತ್ತಿದ್ದಳು.

ವಿಮೆಯವನಿಗೆ ಫೋನ್ ಮಾಡಿದವಳು ನಾನೇ. ಆಸ್ಪತ್ರೆಗೆ ಬಂದ. ಕೈಗೆ ಸುತ್ತಿದ ಬಟ್ಟೆ ನೋಡಿ ಅವನ ಮುಖವೂ ಸಣ್ಣಗಾಯಿತು. “ಕೆಲಸ ಮಾಡ್ತಿರುವಾಗ ಆಗಿದ್ದಾ?” ಎಂದು ಕೇಳಿದ. ಅವಳ ಹೆಸರು ಸೇರಿಸಿಲ್ಲವೆಂದು ಅವನಿಗೂ ಗೊತ್ತು. ಆದರೂ ಏನಾದರೂ ದಾರಿ ಇದೆಯಾ ನೋಡೋಣ ಎಂದು ಕೇಳುತ್ತಿದ್ದಾನೆ. ನಾನು ಬಾಯಿ ತೆರೆಯುವಷ್ಟರಲ್ಲಿ ಬಾವ ಹೇಳಿದರು:

“ಇಲ್ಲ ಇಲ್ಲ. ಕೆಲಸ ಏನೂ ಇಲ್ಲ. ಮನೆಯೋಳು, ಸುಮ್ನೆ ಗಾಡಿ ಹತ್ರ ನಿಂತಿದ್ಲು.”

ಸುಮ್ಮನೆ ನಿಂತಿದ್ದಳಂತೆ! ಎಷ್ಟೋ ವರ್ಷಗಳಿಂದ ಆ ಕಾವಲಿಯ ಮುಂದೆ ಬೆವರು ಸುರಿಸಿದವಳು, ಬಸುರಿಯಾಗಿದ್ದಾಗಲೂ ನಿಂತವಳು, ಜ್ವರ ಬಂದರೂ ನಿಂತವಳು, ಸುಮ್ಮನೆ ನಿಂತಿದ್ದಳಂತೆ. ಅಕ್ಕ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು, ಆದರೆ ಎಚ್ಚರವಿದ್ದಳು. ಆ ಮಾತು ಕೇಳಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಅದನ್ನು ನಾನು ಕಣ್ಣಾರೆ ನೋಡಿದೆ.

ನನಗೆ ತಲೆ ಕೆಟ್ಟುಹೋಯಿತು. ಆಸ್ಪತ್ರೆ ಎಂಬುದನ್ನೂ ಮರೆತು, “ಥೂ! ಸುಟ್ಟಿದ್ದು ಕೈ ಬಾವ, ನಿಮ್ಮ ನಾಲಿಗೆ ಸುಡಬೇಕಿತ್ತು!” ಎಂದುಬಿಟ್ಟೆ. ಪಕ್ಕದ ಮಂಚದವರೆಲ್ಲ ತಿರುಗಿ ನೋಡಿದರು. ನನ್ನ ಗಂಡ ನನ್ನ ಕೈ ಹಿಡಿದು ಹೊರಗೆ ಎಳೆದುಕೊಂಡು ಬಂದರು. “ದೊಡ್ಡೋರಿಗೆ ಹಂಗನ್ತಾರೇನೆ?” ಎಂದರು. ನಿಮಗೂ ಸೇರಿಸಿಯೇ ಅಂದದ್ದು ಎಂದೆ. ಆ ಮಾತಿಗೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ.

ಆಸ್ಪತ್ರೆಯ ಬಿಲ್ ಕಟ್ಟಿದವರು ಯಾರು ಗೊತ್ತೇ? ಯಾರು ಏನಂದುಕೊಳ್ಳುತ್ತಾರೆ ಎಂದು ಅಕ್ಕ ಹೆದರಿದ್ದಳೋ ಅದೇ ಅಣ್ಣಂದಿರು. ರಾಯಲ್ಪಾಡಿನಿಂದ ಟೊಮೆಟೊ ಗಾಡಿಯಲ್ಲಿ ಬಂದು, ದುಡ್ಡು ಕಟ್ಟಿ, ತಂಗಿಯ ತಲೆ ಸವರಿ ಹೋದರು. ಬಾವ ಅವರ ಎದುರಿಗೆ ನಿಲ್ಲಲಾಗದೆ ಟೀ ಕುಡಿಯಲು ಹೋಗಿದ್ದರು. ಕಾಪಾಡಿಕೊಂಡ ಮಾನ ಅಷ್ಟೆ.

ಕೈ ವಾಸಿಯಾಯಿತು, ಆದರೆ ಕಿರುಬೆರಳೂ ಉಂಗುರದ ಬೆರಳೂ ಮಡಚುವುದಿಲ್ಲ. ಚರ್ಮ ಬಿಗಿದುಕೊಂಡಿದೆ. ಕೆಲವು ತಿಂಗಳು ನಾನೇ ಕಾವಲಿಗೆ ನಿಂತೆ. “ಎಲ್ಲಮ್ಮಾ ಆ ಅಮ್ಮ? ಈ ದೋಸೆ ಆ ದೋಸೆ ಅಲ್ಲ,” ಎಂದು ಗಿರಾಕಿಗಳು ಮುಖಕ್ಕೇ ಹೇಳಿ ಅರ್ಧ ತಿಂದು ಹೋದರು. ಅಕ್ಕ ಮೂರು ಬೆರಳಲ್ಲಿ ಸೌಟು ಹಿಡಿಯಲು ಕಲಿತು ಮತ್ತೆ ಗಾಡಿ ಹತ್ತಿದಳು. ಯಾರೂ ಹತ್ತು ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಅದಕ್ಕೂ ನನಗೆ ಕೋಪವಿದೆ.

ವಿಮೆ ಮತ್ತೆ ಮಾಡಿಸುವ ಕಾಲ ಬಂದಾಗ ಅದೇ ಮನುಷ್ಯ ಬಂದು ಅದೇ ನಡುಮನೆಯಲ್ಲಿ ಕೂತ. ಈ ಸಲ ಬಾವ ತಾವಾಗಿಯೇ, “ನಮ್ಮನೆ ಇಬ್ಬರು ಹೆಣ್ಮಕ್ಕಳನ್ನೂ ಸೇರಿಸಿಬಿಡಿ,” ಎಂದರು. ದೊಡ್ಡ ದಾನ ಮಾಡುವವರ ಗತ್ತು. ವಿಮೆಯವನು ಪೆನ್ನು ತೆಗೆದ.

“ಆಗ್ಲಿ ಸಾರ್. ಇವರ ಸಂಬಳ ಎಷ್ಟು?”

“ಸಂಬಳಾನಾ? ಮನೆಯೋರಿಗೆ ಎಂಥಾ ಸಂಬಳ?”

“ಸಂಬಳದ ಮೇಲೇನೇ ಪರಿಹಾರ ಸಾರ್. ಕೊಡ್ತಾ ಇರಬೇಕು. ಕೊಡದೇ ಕೆಲಸದೋರು ಅಂತ ಬರೆದ್ರೆ ನಾಳೆ ಕ್ಲೇಮ್ ನಿಲ್ಲಲ್ಲ.”

ಬಾವ ತಲೆ ಕೆರೆದುಕೊಂಡು, “ಸುಮ್ನೆ ಏನೋ ಒಂದು ಹಾಕ್ಕೊಳ್ಳಿ,” ಎಂದರು.

“ಸುಮ್ನೆ ಬೇಡ.”

ಅಂದವಳು ಅಕ್ಕ. ಬಾವನೆದುರು ಅವಳು ಹಾಗೆ ದನಿ ಎತ್ತಿದ್ದನ್ನು ನಾನು ಕೇಳಿರಲಿಲ್ಲ. “ಸುಮ್ನೆ ನಿಂತಿದ್ಲು ಅಂತ ಒಂದ್ಸಲ ಹೇಳಿದ್ದು ಸಾಕು. ಹೊರಗಡೆಯಿಂದ ದೋಸೆ ಮಾಡೋರನ್ನ ಕರ್ಕೊಂಡ್ ಬಂದ್ರೆ ಏನ್ ಕೊಡ್ತೀರೋ ಅಷ್ಟು ಬರೆಸಿ. ಬರೆಸಿದ್ದನ್ನ ತಿಂಗ್ಳು ತಿಂಗ್ಳು ನನ್ನ ಕೈಗೆ ಕೊಡಿ. ಇವಳಿಗೂ ಕೊಡಿ. ಆಗಲ್ಲ ಅಂದ್ರೆ ನಾಳೆಯಿಂದ ನೀವೇ ನಿಂತ್ಕೊಳ್ಳಿ ಕಾವಲಿ ಮುಂದೆ.”

ಬಾವ ತಮ್ಮನನ್ನು ನೋಡಿದರು. ತಮ್ಮ, ಅಂದರೆ ನನ್ನ ಗಂಡ, ಹೆದರಿಕೊಂಡೇ ಬಾಯಿ ಬಿಟ್ಟರು: “ಅತ್ಗೆ ಹೇಳೋದು ಸರಿ ಅಣ್ಣ.” ಅಯ್ಯೋ, ಆ ನಾಲ್ಕು ಮಾತು ಹೊರಡಿಸಲು ಇವರಿಗೆ ಒಂದು ಕೈ ಸುಡಬೇಕಾಯಿತು. ಇನ್ನು ದಾರಿಯಿಲ್ಲವೆಂದು ಬಾವ ಕೊನೆಯ ಆಸರೆಯಾಗಿ ಅಮ್ಮನ ಕಡೆ ತಿರುಗಿದರು.

“ನೀನಾದ್ರೂ ಹೇಳಮ್ಮ ಇವ್ರಿಗೆ. ಮನೆ ಹೆಣ್ಮಕ್ಕಳು ಸಂಬಳ ಕೇಳೋದಾ?”

ಅತ್ತೆ ಮುಂದಿನ ಮೊರವನ್ನು ಪಕ್ಕಕ್ಕೆ ಸರಿಸಿದರು. ಹಿಂದಿನ ವರ್ಷ ನಾವೇನು ಆಳುಗಳಾ ಎಂದವರು ಅವರೇ, ಈಗಲೂ ಮಗನ ಪರವೇ ಮಾತಾಡುತ್ತಾರೆ ಎಂದು ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ಸಿದ್ಧಳಾಗಿದ್ದೆ. ಅವರಿಗೆ ಸಿಟ್ಟು ಬಂದರೆ ತವರಿನ ತೆಲುಗು ಬರುತ್ತದೆ.

“ಏಮ್ರಾ, ಪಿಂಡಿ ರುಬ್ಬೇದಿ ಎವರು? ಮೀ ತಾತಾ?” ಎಂದರು. ಹಿಟ್ಟು ರುಬ್ಬುವವರು ಯಾರೋ, ನಿಮ್ಮ ತಾತನಾ ಎಂದು. ಆಮೇಲೆ ವಿಮೆಯವನ ಕಡೆ ತಿರುಗಿ, ಅವನಿಗೂ ಅರ್ಥವಾಗಲಿ ಎಂದು ಕನ್ನಡದಲ್ಲೇ ಕೇಳಿದರು: “ಇವ್ರಿಬ್ರದು ಆಯ್ತಲ್ಲಪ್ಪ. ರುಬ್ಬೋಳಿಗೆ ಎಷ್ಟು ಬರ್ಕೊಂಡೆ?”