ಸೆರಗಿನ ಗಂಟು ಬಿಚ್ಚಿದ ಡಾಕ್ಟರಮ್ಮ

ಸಿಂಚನಾ, ಪ್ರೀತಮ್, ನಿಮ್ಮ ಅಜ್ಜಿ ಬರೆಯುತ್ತಿದ್ದೇನೆ. ಗುಬ್ಬಿಯ ಗಿರಿಜಾ ಡಾಕ್ಟರಮ್ಮ ನಾಡಿ ಹಿಡಿಯುವ ಮೊದಲು ತುಟಿ ಎತ್ತಿ ಒಸಡು ನೋಡುತ್ತಿದ್ದರು. ಯಾರೇ ಬರಲಿ, ಹಾಗೆಯೇ. ನಿಮ್ಮ ತಾತ ಅಷ್ಟು ನೋವಿನಲ್ಲೂ, "ಏನ್ ಡಾಕ್ಟ್ರಮ್ಮ, ಕುಣಿಗಲ್ ಕುದ್ರೆ ಕೊಳ್ಳೋಕ್ ಬಂದಂಗೆ ಹಲ್ಲು ನೋಡ್ತೀರಲ್ಲ," ಎಂದಿದ್ದರು.

"ಕುದ್ರೆ ಆಗಿದ್ರೆ ಚೆನ್ನಾಗಿತ್ತು ಬಿಡಿ. ಅದು ಏನೂ ಮುಚ್ಚಿಡಲ್ಲ," ಎಂದರು. ನಗಲಿಲ್ಲ.

ಅದು ತೊಂಬತ್ತರ ದಶಕದ ಕೊನೆ. ತಾತನಿಗೆ ಸಕ್ಕರೆ ಕಾಯಿಲೆ. ಕುಣಿಗಲ್ ಕಡೆಯ ಒಬ್ಬರು ಬೇರು ಅರೆದು ಮಾಡಿದ ಕರೀ ಗುಳಿಗೆ ಕೊಡುತ್ತಿದ್ದರು. ಕೊಡುವಾಗ ನನ್ನಿಂದ ಮನೆದೇವರ ಮೇಲೆ ಆಣೆ ಮಾಡಿಸಿಕೊಂಡಿದ್ದರು: ಮದ್ದಿನ ವಿಷಯ ಬಾಯಿ ಬಿಟ್ಟರೆ ಅದು ತಿಂದವರ ಮೇಲೇ ತಿರುಗಿ ಬಿದ್ದು ಜೀವ ತೆಗೆಯುತ್ತದೆ ಎಂದಿದ್ದರು. ಮೂರು ತಿಂಗಳಲ್ಲಿ ತಾತ ಬಿಳಿಚಿಕೊಂಡರು. ಹೊಟ್ಟೆ ಹಿಂಡಿ ಮಂಚದ ಮೇಲೆ ಮುದುಡಿಕೊಳ್ಳುತ್ತಿದ್ದರು. ಒಂದು ದಿನ ಕಾಫಿ ಲೋಟ ಹಿಡಿದ ಕೈ ಮಣಿಕಟ್ಟಿನಲ್ಲೇ ಜೋತುಬಿತ್ತು. ಹೆದರಿದ ನಾನು ಗುಳಿಗೆಯನ್ನು ಇನ್ನಷ್ಟು ನಿಷ್ಠೆಯಿಂದ ಕೊಟ್ಟೆ. ಕೊನೆಗೆ ಗುಬ್ಬಿಗೆ ಕರೆದೊಯ್ದೆ.

"ಒಸಡಿನ ಅಂಚಲ್ಲಿ ನೀಲಿ ಗೆರೆ ಇದೆ. ಏನ್ ಕೊಡ್ತಿದೀಯ ಕಣಮ್ಮ?" ಡಾಕ್ಟರಮ್ಮ ಮೂರು ಸಲ ಕೇಳಿದರು.

ಗುಳಿಗೆಯ ಪೊಟ್ಟಣ ನನ್ನ ಸೆರಗಿನ ತುದಿಯಲ್ಲೇ ಗಂಟಾಗಿತ್ತು. ಬೆರಳು ಅದನ್ನೇ ಅದುಮಿ ಹಿಡಿದಿತ್ತು. ಹೇಳಿದರೆ ತಾತ ಸಾಯುತ್ತಾರೆ ಎಂದೇ ನಂಬಿದ್ದೆ.

ಡಾಕ್ಟರಮ್ಮ ನನ್ನ ಬೆರಳನ್ನು ನೋಡಿದರು. "ಆಣೆ ಇಟ್ಟಿದೀಯ ಅಲ್ವಾ? ಬಾಯಿ ಬಿಡ್ಬೇಡ. ಗಂಟು ಬಿಚ್ಚಿ ಮೇಜಿನ ಮೇಲಿಡು, ಸಾಕು."

ಗಂಟಿದ್ದ ಸೆರಗಿನ ತುದಿಯನ್ನು ಹಾಗೆಯೇ ಮೇಜಿನ ಮೇಲಿಟ್ಟೆ. ಅವರೇ ಎದ್ದು ಬಂದು ಬಿಚ್ಚಿದರು.

ಅಂದೇ ತಾತನನ್ನು ತುಮಕೂರಿನ ಆಸ್ಪತ್ರೆಗೆ ಸೇರಿಸಿದರು. ಪರೀಕ್ಷೆಗೆ ಬೆಂಗಳೂರಿಗೆ ಹೋದ ರಕ್ತದಲ್ಲೂ ಸೀಸ, ಗುಳಿಗೆಯಲ್ಲೂ ಸೀಸ ಸಿಕ್ಕಿತು; ಒಸಡಿನ ನೀಲಿ ಗೆರೆ ಆ ಸೀಸದ್ದೇ. ಸೀಸವನ್ನು ಮೂತ್ರದಲ್ಲಿ ಹೊರಗೆ ಹಾಕುವ ಔಷಧಿ ಶುರುವಾಯಿತು. ಆಣೆ ಇವತ್ತು ತಿರುಗಿ ಬೀಳುತ್ತದೋ, ನಾಳೆಯೋ ಎಂದು ನಾನು ದಿನವೂ ಅವರ ಉಸಿರನ್ನೇ ನೋಡುತ್ತಾ ಕೂತಿರುತ್ತಿದ್ದೆ. ಎಷ್ಟೋ ವಾರಗಳ ಮೇಲೆ ಅವರೇ ಲೋಟ ಎತ್ತಿ ಕುಡಿದರು.

ಆಮೇಲೆ ಒಂಬತ್ತು ವರ್ಷ ಬದುಕಿದ್ದು, ಹೃದಯಾಘಾತದಿಂದ ಹೋದರು. ಆಗಲೂ ನನಗೆ ಮೊದಲು ನೆನಪಾದದ್ದು ಆ ಆಣೆಯೇ.

ತಿಥಿ ಕಳೆದ ಮೇಲೆ ಡಾಕ್ಟರಮ್ಮನನ್ನು ಹುಡುಕಿಕೊಂಡು ಕ್ಯಾತ್ಸಂದ್ರಕ್ಕೆ ಹೋದೆ. ಕೆಲಸ ಬಿಟ್ಟು ತಂಗಿಯ ಮನೆಯಲ್ಲಿದ್ದರು. ಕಣ್ಣು ಮಂಜಾಗಿತ್ತು.

"ನಾನು ತೋರ್ಸಿದ್ದಕ್ಕೇ ಅವ್ರು ಹೋದ್ರಾ?" ಎಂದೆ.

"ತೋರ್ಸಿದ್ದಕ್ಕೇ ಒಂಬತ್ತು ವರ್ಷ ಇದ್ರು ಕಣಮ್ಮ." ಹಾಗೆಂದು ಹೆಬ್ಬೆರಳಿನಿಂದ ತಡವಿ ನನ್ನ ತುಟಿ ಎತ್ತಿ, ಮುಖ ಹತ್ತಿರ ತಂದರು. "ನೀನೇನೂ ತಿಂತಿಲ್ಲ ತಾನೆ?"

ಅದೇ ಕೊನೆ. ಮತ್ತೆ ಅವರನ್ನು ನೋಡಲಿಲ್ಲ.

ಮಕ್ಕಳೇ, ಈ ಹಾಳೆಗಳನ್ನು ಬೀರುವಿನಲ್ಲಿ ಇಡಬೇಡಿ. ಮನೆಯ ಔಷಧಿ ಡಬ್ಬದಲ್ಲಿ, ಮುಚ್ಚಳ ತೆಗೆದೊಡನೆ ಕಾಣುವಂತೆ, ಜೋಪಾನವಾಗಿಡಿ.